ಮಗು ಬೆಳೆಯುತ್ತದೆ, ಚೀಟಿ ಬೆಳೆಯುವುದಿಲ್ಲ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ ಹೆತ್ತವರಿಗಾಗಿ ಏರ್ಪಡಿಸಿದ್ದ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಈ ಕೂಟಕ್ಕೆ ಬಂದಿರುವವರಲ್ಲಿ ಹೆಚ್ಚಿನವರ ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವರ ಮನೆಯಲ್ಲಿ ವರ್ಷಗಟ್ಟಲೆ ಮದ್ದು ಸೇವಿಸುತ್ತಿರುವ ಮಗುವಿದೆ. ಅಪಸ್ಮಾರ (ಫಿಟ್ಸ್), ಹುಟ್ಟಿನಿಂದಲೇ ಬಂದ ಥೈರಾಯ್ಡ್ ಕೊರತೆ, ಆಸ್ತಮಾ, ಟೈಪ್ 1 ಮಧುಮೇಹ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್ ಹೀಗೆ ಕಾಯಿಲೆಗಳ ಹೆಸರು ಬೇರೆ ಬೇರೆಯಾದರೂ, ಔಷಧದಂಗಡಿಯ ಕೌಂಟರಿನ ಒಳಬದಿಯಲ್ಲಿ ನಿಲ್ಲುವ ನನ್ನಂಥವನಿಗೆ ಎಲ್ಲರಿಂದಲೂ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಹಳೇ ಚೀಟಿಯದ್ದೇ ಕೊಡಿ, ಬದಲಾವಣೆ ಏನೂ ಇಲ್ಲ." ಇದರ ಮೊದಲರ್ಧಕ್ಕೆ ನನ್ನ ತಕರಾರು ಅಷ್ಟಾಗಿ ಇಲ್ಲ. ಎರಡನೆಯ ಅರ್ಧ ಮಾತ್ರ ಮಕ್ಕಳ ವಿಷಯದಲ್ಲಿ ನಿಜವಾಗಿರುವುದು ಅಪರೂಪ. ದೊಡ್ಡವರ ರಕ್ತದೊತ್ತಡದ ಚೀಟಿ ಆರು ತಿಂಗಳು ಹಾಗೆಯೇ ನಡೆದೀತು. ಆರು ತಿಂಗಳಲ್ಲಿ ಮಗುವಿನ ತೂಕ, ಎತ್ತರ, ಶಾಲೆಯ ವೇಳೆ, ಊಟದ ಕ್ರಮ ಎಲ್ಲವೂ ಬದಲಾಗಿರುತ್ತದೆ.

ಮಗುವಿನ ದೀರ್ಘಕಾಲದ ಚೀಟಿಗೆ ನಾಲ್ಕು ಅವಧಿಗಳಿರುತ್ತವೆ. ಬಾಟಲಿಯಲ್ಲಿ ಮದ್ದು ಮುಗಿಯುವ ದಿನ ಒಂದು. ವೈದ್ಯರು ಕೊಟ್ಟ ಅನುಮತಿ ಮುಗಿಯುವ ದಿನ ಇನ್ನೊಂದು. ಚೀಟಿ ಬರೆದಾಗಿನ ತೂಕ ಹಳತಾಗುವ ದಿನ ಮತ್ತೊಂದು. ಮುಂದಿನ ರಕ್ತ ಅಥವಾ ಮೂತ್ರ ಪರೀಕ್ಷೆಯ ದಿನ ಕೊನೆಯದು. ನಾವು ಕಣ್ಣಿಟ್ಟು ಕಾಯುವುದು ಮೊದಲನೆಯದನ್ನು ಮಾತ್ರ. ಆದರೆ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದದ್ದು ಕೊನೆಯದನ್ನು. ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ವೈದ್ಯರ ಭೇಟಿ, ಭೇಟಿಯಲ್ಲಿ ತೂಕ ನೋಡಿ ಹೊಸ ಚೀಟಿ, ಆ ಹೊಸ ಚೀಟಿಯಿಂದ ಮದ್ದು. ಈ ಸಾಲು ತಲೆಕೆಳಗಾಗಿ, ಮೊದಲು ಮೂರು ತಿಂಗಳ ಮದ್ದು ಕೊಂಡು ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, ವರದಿ ನೋಡಿ ಪ್ರಮಾಣ ಬದಲಾದಾಗ ಮನೆಯಲ್ಲಿ ಉಳಿದ ಹಳೆಯ ಶಕ್ತಿಯ ಮಾತ್ರೆಗಳು ಗೊಂದಲಕ್ಕೆ ಕಾರಣವಾಗುತ್ತವೆ.

ಮೊದಲಿಗೆ ಅನುಮತಿಯ ವಿಷಯವನ್ನು ಬೇಗ ಮುಗಿಸುತ್ತೇನೆ. 1945ರ ಔಷಧ ನಿಯಮಗಳಲ್ಲಿ 65ನೆಯದು ನಮ್ಮ ಅಂಗಡಿಗಳಿಗೆ ಅನ್ವಯಿಸುವಂಥದ್ದು. ವೈದ್ಯರು ಚೀಟಿಯಲ್ಲಿ ಮತ್ತೆ ಕೊಡಬಹುದೆಂದು ಬರೆಯದಿದ್ದರೆ ಆ ಚೀಟಿಗೆ ಒಂದೇ ಸಲ ಮದ್ದು ಕೊಡತಕ್ಕದ್ದು. ಇಷ್ಟು ಸಲ, ಇಷ್ಟು ದಿನಗಳ ಅಂತರದಲ್ಲಿ ಎಂದು ಬರೆದಿದ್ದರೆ ಅದರಂತೆಯೇ ಕೊಡತಕ್ಕದ್ದು. ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ ಮತ್ತು ದಿನಾಂಕವನ್ನು ಚೀಟಿಯಲ್ಲಿ ನಮೂದಿಸತಕ್ಕದ್ದು ಎಂದು ಅದು ಹೇಳುತ್ತದೆ. ಎಚ್ ಪಟ್ಟಿಯ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದಿಗೆ ಬದಲಾಗಿ ಅಂಗಡಿಯವನು ತನ್ನಿಷ್ಟದ ಬೇರೊಂದು ತಯಾರಿಕೆಯನ್ನು ಕೊಡುವುದನ್ನೂ ಅದೇ ನಿಯಮ ತಡೆಯುತ್ತದೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಮದ್ದುಗಳಿಗಾದರೆ ರೋಗಿಯ ಹೆಸರು, ವೈದ್ಯರ ಹೆಸರು ಮತ್ತು ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇರಿಸಿಕೊಳ್ಳಬೇಕು. ಗಮನ ಮತ್ತು ಚಟುವಟಿಕೆಯ ತೊಂದರೆಯಿರುವ ಮಕ್ಕಳಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಕ್ಸ್ ಪಟ್ಟಿಯದ್ದು. ಅದಕ್ಕೆ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿ ಎರಡು ವರ್ಷ ಇಟ್ಟುಕೊಳ್ಳಬೇಕು, ದೂರವಾಣಿ ಸಮಾಲೋಚನೆಯಲ್ಲಿ ಅದನ್ನು ಬರೆಯುವಂತೆಯೇ ಇಲ್ಲ. ಇದನ್ನೆಲ್ಲ ಹೇಳುವ ಉದ್ದೇಶ ಇಷ್ಟೇ: ವೈದ್ಯರ ಕೋಣೆಯಿಂದ ಹೊರಗೆ ಬರುವ ಮೊದಲು "ಇದನ್ನು ಎಷ್ಟು ತಿಂಗಳವರೆಗೆ ಮತ್ತೆ ಮತ್ತೆ ಕೊಂಡುಕೊಳ್ಳಬಹುದೆಂದು ಚೀಟಿಯಲ್ಲೇ ಬರೆಯಿರಿ" ಎಂದು ಕೇಳಿ. ಬರೆಯಲು ಅವರಿಗೆ ಕ್ಷಣ ಸಾಕು. ಅದಿಲ್ಲದಿದ್ದರೆ ಒಂದು ಅಂಗಡಿಯಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗದೆ, ಸಂಜೆ ಹೊತ್ತಿಗೆ ಮಗುವಿನ ಡೋಸು ತಪ್ಪುವ ಸಂದರ್ಭ ಬರುತ್ತದೆ. ಆಗ ಕೊಡದ ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸಹಜವಾದರೂ ನಿಯಮ ಪಾಲಿಸಿದವನು ಅವನೇ.

ಇನ್ನು ತೂಕ. ಮಕ್ಕಳ ಮದ್ದಿನ ಪ್ರಮಾಣವನ್ನು ಬಹುಪಾಲು ಒಂದು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. 20 ಕಿಲೋ ತೂಕದ ಮಗುವಿಗೆ ಫಿಟ್ಸ್ ತಡೆಯುವ ಸೋಡಿಯಂ ವಾಲ್ಪ್ರೋಯೇಟ್ ದಿನಕ್ಕೆ ಕಿಲೋಗೆ 20 ಮಿಲಿಗ್ರಾಂನಂತೆ ಬರೆದಿದ್ದಾರೆ ಎಂದುಕೊಳ್ಳಿ. ಅಂದರೆ ದಿನಕ್ಕೆ 400 ಮಿಲಿಗ್ರಾಂ, ಬೆಳಿಗ್ಗೆ 200, ರಾತ್ರಿ 200. ನಮ್ಮಲ್ಲಿ ಸಿಗುವ ಸಿರಪ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರ್‌ಗೆ 200 ಮಿಲಿಗ್ರಾಂ ಇರುವುದರಿಂದ ಬೆಳಿಗ್ಗೆ 5, ರಾತ್ರಿ 5 ಮಿಲಿಲೀಟರ್ ಎಂದಾಯಿತು. 200 ಮಿಲಿಲೀಟರಿನ ಬಾಟಲಿ 20 ದಿನಕ್ಕೆ ಮುಗಿಯುತ್ತದೆ. ತಿಂಗಳಿಗೊಂದು ಬಾಟಲಿ ಎಂದು ಕೊಂಡವರಿಗೆ ಕೊನೆಯ ಹತ್ತು ದಿನ ಕೊರತೆ ಬೀಳುವುದು ಈ ಲೆಕ್ಕ ಮಾಡದ್ದರಿಂದ. ಆ ಕೊರತೆಯನ್ನು ಕೆಲವರು ಡೋಸನ್ನು ಸ್ವಲ್ಪ ಸ್ವಲ್ಪ ಇಳಿಸಿ ಸರಿದೂಗಿಸುತ್ತಾರೆ, ಯಾರಿಗೂ ಹೇಳುವುದಿಲ್ಲ. ಮುಂದೆ ಅದೇ ಮಗು 25 ಕಿಲೋ ಆಯಿತು, ಚೀಟಿ ಅದೇ ಉಳಿಯಿತು. ಆಗ ಅದಕ್ಕೆ ಸಿಗುತ್ತಿರುವುದು ಕಿಲೋಗೆ 16 ಮಿಲಿಗ್ರಾಂ ಮಾತ್ರ. ಯಾರೂ ಪ್ರಮಾಣ ಕಡಿಮೆ ಮಾಡದೆಯೇ ಅದು ಕಡಿಮೆಯಾಯಿತು.

ಹೀಗೆ ಆದಾಗಲೆಲ್ಲ ಪ್ರಮಾಣ ಏರಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಫಿಟ್ಸ್ ಬಾರದೆ ನೆಮ್ಮದಿಯಾಗಿರುವ ಮಗುವಿನಲ್ಲಿ ವೈದ್ಯರು ತಿಳಿದೇ ಅದನ್ನು ಹಾಗೆ ಬಿಡಬಹುದು. ಆದರೆ ಅದು ಅವರು ಎಣಿಸಿ ಮಾಡಿದ ತೀರ್ಮಾನವಾಗಿರಬೇಕು, ತೂಕ ನೋಡಲು ಮರೆತದ್ದರ ಫಲವಾಗಿರಬಾರದು. ಥೈರಾಯ್ಡ್ ಮಾತ್ರೆಯಲ್ಲಿ ಲೆಕ್ಕ ಬೇರೆ ದಿಕ್ಕಿನಲ್ಲಿ ಓಡುತ್ತದೆ: ನವಜಾತ ಶಿಶುವಿಗೆ ಕಿಲೋಗೆ 10ರಿಂದ 15 ಮೈಕ್ರೋಗ್ರಾಂ ಲೀವೋಥೈರಾಕ್ಸಿನ್ ಬೇಕಾದರೆ, ದೊಡ್ಡದಾಗುತ್ತ ಹೋದಂತೆ ಕಿಲೋ ಲೆಕ್ಕದ ಪ್ರಮಾಣ ಇಳಿಯುತ್ತದೆ, ಒಟ್ಟು ಪ್ರಮಾಣ ಮಾತ್ರ ನಿಧಾನವಾಗಿ ಏರುತ್ತದೆ. ಆದ್ದರಿಂದ ಮನೆಯಲ್ಲಿ ಗುಣಾಕಾರ ಮಾಡಿ ತಾವೇ ಹೆಚ್ಚಿಸುವ ಗೋಜಿಗೆ ಯಾರೂ ಹೋಗಬಾರದು. ನಿಮ್ಮ ಕೆಲಸ ತೂಕವನ್ನು ದಿನಾಂಕ ಸಹಿತ ಬರೆದಿಡುವುದು. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತೂಗಿದರೂ ಸಾಕು, ಒಂದೇ ತಕ್ಕಡಿಯಾದರೆ ಇನ್ನೂ ಒಳ್ಳೆಯದು.

ಅಳತೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. "ಐದು ಎಂಎಲ್" ಎಂಬುದು ಪೂರ್ತಿ ಮಾಹಿತಿಯಲ್ಲ. ಪ್ಯಾರಸಿಟಮಾಲ್ ಒಂದನ್ನೇ ನೋಡಿ: 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಇರುವ ಸಿರಪ್ ಇದೆ, 250 ಮಿಲಿಗ್ರಾಂ ಇರುವುದೂ ಇದೆ, ಒಂದೇ ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಇರುವ ಹನಿ ಮದ್ದೂ ಇದೆ. ಹನಿ ಮದ್ದಿನ ಬಾಟಲಿಯಿಂದ ಸಿರಪ್‌ನ ಅಳತೆಯಲ್ಲಿ 5 ಮಿಲಿಲೀಟರ್ ಕೊಟ್ಟರೆ 500 ಮಿಲಿಗ್ರಾಂ ಹೋದಂತೆ. ಮಗುವಿನ ಪ್ರಮಾಣವನ್ನು ಯಾವಾಗಲೂ ಮಿಲಿಗ್ರಾಂನಲ್ಲಿ ನೆನಪಿಟ್ಟುಕೊಂಡು, ಬಾಟಲಿ ಬದಲಾದಾಗಲೆಲ್ಲ ಅದಕ್ಕೆ ಎಷ್ಟು ಮಿಲಿಲೀಟರ್ ಎಂದು ಕೇಳಿ ತಿಳಿಯಿರಿ. ಅಡುಗೆಮನೆಯ ಚಮಚಗಳಲ್ಲಿ ಎರಡು ಒಂದೇ ಗಾತ್ರದವು ಸಿಗುವುದು ಕಷ್ಟ. ಸೂಜಿಯಿಲ್ಲದ ಅಳತೆಯ ಸಿರಿಂಜು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಇನ್ಸುಲಿನ್‌ನಲ್ಲಿ ಈ ಅಳತೆಯ ಪ್ರಶ್ನೆ ಅಪಾಯಕಾರಿಯೇ ಆಗಬಹುದು. ನಮ್ಮ ದೇಶದಲ್ಲಿ ವಯಲ್‌ನ (ಪುಟ್ಟ ಗಾಜಿನ ಶೀಸೆಯ) ಇನ್ಸುಲಿನ್ ಬಹುಪಾಲು ಮಿಲಿಲೀಟರ್‌ಗೆ 40 ಯೂನಿಟ್‌ನದ್ದು, ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟ್‌ನದ್ದು; ಸಿರಿಂಜುಗಳೂ ಅದಕ್ಕೆ ತಕ್ಕಂತೆ ಎರಡು ಬಗೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 40ರ ಇನ್ಸುಲಿನನ್ನು 100ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮಗುವಿಗೆ ಹೋಗುವುದು 4 ಯೂನಿಟ್ ಮಾತ್ರ. ಅದಲುಬದಲಾದರೆ 10 ಯೂನಿಟ್ ಎಂದುಕೊಂಡದ್ದು 25 ಆಗುತ್ತದೆ. ಮತ್ತೆ ತರಿಸುವ ಲೆಕ್ಕದಲ್ಲಿಯೂ ಇನ್ಸುಲಿನ್‌ನದ್ದೊಂದು ವಿಶೇಷವಿದೆ. 10 ಮಿಲಿಲೀಟರ್ ವಯಲ್‌ನಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 8 ಯೂನಿಟ್ ಬೇಕಿರುವ ಪುಟ್ಟ ಮಗುವಿಗೆ ಅದು 50 ದಿನ ಬರಬೇಕು. ಆದರೆ ತೆರೆದ ವಯಲನ್ನು ಸಾಮಾನ್ಯವಾಗಿ 28 ದಿನಗಳ ಬಳಿಕ ಬಳಸಬಾರದು. ಅರ್ಧ ತುಂಬಿರುವಾಗಲೇ ಎಸೆಯಲು ಕೈ ಬಾರದು, ನಿಜ. ತೆರೆದ ದಿನಾಂಕವನ್ನು ವಯಲ್ ಮೇಲೆ ಬರೆಯುವ ಅಭ್ಯಾಸವಿಲ್ಲದ ಮನೆಗಳಲ್ಲಿ, ಎಷ್ಟು ಚುಚ್ಚಿದರೂ ಸಕ್ಕರೆ ಇಳಿಯುತ್ತಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣವಾಗಿರುತ್ತದೆ. ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ನಡೆಸುವ 'ಮಿಠಾಯಿ' ಯೋಜನೆಯಲ್ಲಿ ಟೈಪ್ 1 ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಮತ್ತು ಸಾಮಗ್ರಿ ಉಚಿತವಾಗಿ ದೊರೆಯುತ್ತವೆ. ಇಲ್ಲಿನ ನಿವಾಸಿಗಳಾದ ನಾವು ಮಂಗಳೂರಿನಲ್ಲಿ ತೋರಿಸುತ್ತೇವೆಂಬ ಕಾರಣಕ್ಕೆ ಅದರ ವಿಚಾರಣೆಯನ್ನೇ ಮಾಡದಿರುವುದು ನಷ್ಟ.

ಆಸ್ತಮಾಕ್ಕೆ ಪಫ್ ಎಳೆಯುವ ಮದ್ದಿನ ಡಬ್ಬಿಯಲ್ಲಿ 120 ಸಲ ಅಥವಾ 200 ಸಲ ಎಂದು ಬರೆದಿರುತ್ತದೆ. ಹೊತ್ತಿಗೆ ಎರಡರಂತೆ ದಿನಕ್ಕೆ ನಾಲ್ಕು ಪಫ್ ಆದರೆ ಮೊದಲನೆಯದು 30 ದಿನ, ಎರಡನೆಯದು 50 ದಿನ. ಅಲುಗಾಡಿಸಿ ಶಬ್ದ ಕೇಳಿ ಇನ್ನೂ ಇದೆ ಎಂದು ನಿರ್ಧರಿಸಬೇಡಿ. ಮದ್ದು ಮುಗಿದ ಮೇಲೂ ಅದನ್ನು ಹೊರದೂಡುವ ಅನಿಲ ಉಳಿದಿರುತ್ತದೆ, ಪಫ್ ಬಂದಂತೆಯೇ ಕಾಣುತ್ತದೆ.

ಈಗ ಪರೀಕ್ಷೆಗಳಿಗೆ ಬರೋಣ. ರಕ್ತ ಯಾವಾಗ ತೆಗೆಯಬೇಕು ಎಂಬುದು ಎಲ್ಲಿ ತೆಗೆಯಬೇಕು ಎಂಬುದಕ್ಕಿಂತ ಮುಖ್ಯ. ವಾಲ್ಪ್ರೋಯೇಟ್ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಎಂದು ನೋಡುವಾಗ ಮಿಲಿಲೀಟರ್‌ಗೆ 50ರಿಂದ 100 ಮೈಕ್ರೋಗ್ರಾಂ ಎಂಬ ರೂಢಿಯ ಮಿತಿಯನ್ನು ಬೆಳಗಿನ ಡೋಸಿಗೆ ಮುಂಚೆ ತೆಗೆದ ರಕ್ತಕ್ಕೆ ಅನ್ವಯಿಸುವುದು ವಾಡಿಕೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಎಣ್ಮಕಜೆಯ ಒಳಭಾಗದಿಂದ ಬಸ್ಸು ಹಿಡಿದು, ಕರ್ನಾಟಕದ ಗಡಿಯ ತಲಪಾಡಿ ದಾಟಿ, ಸರದಿಯಲ್ಲಿ ಕುಳಿತು ರಕ್ತ ಕೊಡುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಮದ್ದು ಕೊಟ್ಟೇ ಹೊರಟಿದ್ದರೆ ವರದಿಯ ಅಂಕಿ ಏರಿ ಕಾಣುತ್ತದೆ, ಕೊಡದೆ ಹೊರಟಿದ್ದರೆ ಡೋಸು ತಡವಾಗುತ್ತದೆ. ಫಿಟ್ಸ್ ಇರುವ ಮಗುವಿಗೆ ಎರಡನೆಯದು ಸಣ್ಣ ವಿಷಯವಲ್ಲ. ಭೇಟಿಗೆ ಎರಡು ಮೂರು ದಿನ ಮೊದಲೇ ಹತ್ತಿರದ ಲ್ಯಾಬಿನಲ್ಲಿ ಬೆಳಿಗ್ಗೆ ರಕ್ತ ಕೊಟ್ಟು, ಅಲ್ಲೇ ಮಗುವಿಗೆ ಮದ್ದು ಕುಡಿಸಿ, ವರದಿ ಹಿಡಿದುಕೊಂಡು ಮಂಗಳೂರಿಗೆ ಹೋಗುವುದು ನನಗೆ ಸರಿ ಕಾಣುವ ದಾರಿ. ಬಹಳಷ್ಟು ಲ್ಯಾಬುಗಳು ಇಂಥ ಮಾದರಿಗಳನ್ನು ದೊಡ್ಡ ಕೇಂದ್ರಗಳಿಗೆ ಕಳುಹಿಸಿ ತರಿಸಿಕೊಡುತ್ತವೆ. ರಕ್ತ ತೆಗೆದ ಗಂಟೆ ಮತ್ತು ಹಿಂದಿನ ಡೋಸಿನ ಗಂಟೆ ಎರಡನ್ನೂ ವರದಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಅವೆರಡೂ ಇಲ್ಲದ ಅಂಕಿಯಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ.

ಥೈರಾಯ್ಡ್‌ನಲ್ಲಿ ಪ್ರಮಾಣ ಬದಲಿಸಿದ ಮರುವಾರವೇ ಟಿಎಸ್‌ಎಚ್ (ಥೈರಾಯ್ಡ್ ಸಾಕಷ್ಟಿದೆಯೇ ಎಂದು ತೋರಿಸುವ ಹಾರ್ಮೋನು) ನೋಡಿಸಿ ಪ್ರಯೋಜನವಿಲ್ಲ. ಅದು ಹೊಸ ಮಟ್ಟಕ್ಕೆ ನಿಲ್ಲಲು ಸುಮಾರು ಆರು ವಾರ ಬೇಕು. ಮೊದಲ ವರ್ಷದಲ್ಲಿ ಮಾತ್ರ ಪರೀಕ್ಷೆಗಳು ಒತ್ತೊತ್ತಾಗಿ ಬರುತ್ತವೆ, ಮೊದಲ ಆರು ತಿಂಗಳಂತೂ ಒಂದೆರಡು ತಿಂಗಳಿಗೊಮ್ಮೆ, ಏಕೆಂದರೆ ಮಿದುಳು ಬೆಳೆಯುತ್ತಿರುವ ಆ ಕಾಲದಲ್ಲಿ ಕೊರತೆಯನ್ನು ಸಹಿಸುವಂತಿಲ್ಲ. ರಕ್ತ ತೆಗೆಯುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ಕೊಡಿ. ಕೂದಲಿಗೆಂದೋ ಶಕ್ತಿಗೆಂದೋ ಬಯೋಟಿನ್ ಇರುವ ಟಾನಿಕ್ ಕೊಡುತ್ತಿದ್ದರೆ ಲ್ಯಾಬಿನವರಿಗೂ ವೈದ್ಯರಿಗೂ ಮೊದಲೇ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಅಂಕಿಗಳನ್ನು ಏರುಪೇರು ಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮತ್ತು ಸೋಯಾ ಈ ಮಾತ್ರೆ ಹೀರಿಕೊಳ್ಳುವುದಕ್ಕೆ ಅಡ್ಡಿಯಾದ್ದರಿಂದ ನಡುವೆ ನಾಲ್ಕು ಗಂಟೆ ಅಂತರ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಮಧ್ಯಾಹ್ನದ ಊಟದ ಬಳಿಕದ್ದಾದರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಿದ ಮಗುವಿಗೆ ಅದರಿಂದ ತೊಂದರೆಯಿಲ್ಲ. ಹೆದರಿ ಅದನ್ನು ಬೇಡವೆನ್ನುವ ತಾಯಂದಿರಿದ್ದಾರೆ, ಅವರಿಗಾಗಿ ಇದನ್ನು ಹೇಳಿದೆ.

ಮಧುಮೇಹದ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದರಿಂದ ಮೂರು ತಿಂಗಳಿಗೊಮ್ಮೆ ಸಾಕು, ಅದಕ್ಕೆ ಹಸಿದಿರಬೇಕಾಗಿಲ್ಲ.

ವರದಿ ಬಂದ ಮೇಲಿನ ಒಂದು ಗಾಬರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ವಾಲ್ಪ್ರೋಯೇಟ್ ತೆಗೆದುಕೊಳ್ಳುವ ಮಕ್ಕಳಿಗೆ ಯಕೃತ್ತಿನ ಪರೀಕ್ಷೆ ಮತ್ತು ಪ್ಲೇಟ್‌ಲೆಟ್ ಎಣಿಕೆ ಮಾಡಿಸುತ್ತಾರೆ. ಆ ಮದ್ದಿನಿಂದ ಯಕೃತ್ತಿಗೆ ಹಾನಿಯಾಗುವ ಸಂಭವ ಎರಡು ವರ್ಷದೊಳಗಿನ, ಅದರಲ್ಲೂ ಫಿಟ್ಸ್‌ಗೆ ಒಂದಕ್ಕಿಂತ ಹೆಚ್ಚು ಮದ್ದು ಪಡೆಯುವ ಮಕ್ಕಳಲ್ಲಿ ಹೆಚ್ಚು ಎಂಬುದು ಇದಕ್ಕೆ ಕಾರಣ. ವರದಿಯ ಕಾಗದದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಸಾಲಿನ ಎದುರು ದಪ್ಪ ಅಕ್ಷರದಲ್ಲಿ ಅಂಕಿಯೂ ಪಕ್ಕದಲ್ಲಿ ಮೇಲ್ಮುಖದ ಬಾಣವೂ ಇರುತ್ತವೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಬಂಧುಗಳ ಗುಂಪಿಗೆ ಕಳುಹಿಸಿ, ಲಿವರ್ ಹೋಯಿತೆಂಬ ತೀರ್ಪು ಬಂದು, ಆ ರಾತ್ರಿಯೇ ಮದ್ದು ನಿಲ್ಲಿಸಿದ ಮನೆಗಳನ್ನು ನಾನು ಬಲ್ಲೆ. ಬೆಳೆಯುವ ಎಲುಬಿನಿಂದಲೂ ಈ ಕಿಣ್ವ ರಕ್ತಕ್ಕೆ ಬರುವುದರಿಂದ ಮಕ್ಕಳಲ್ಲಿ ಅದು ದೊಡ್ಡವರ ಮಿತಿಯ ಎರಡು ಮೂರು ಪಟ್ಟು ಇರುವುದು ಸಹಜ. ಅನೇಕ ಲ್ಯಾಬುಗಳು ಮಗುವಿನ ವರದಿಯಲ್ಲೂ ದೊಡ್ಡವರ ಮಿತಿಯನ್ನೇ ಅಚ್ಚು ಹಾಕುತ್ತವೆ. ಬಾಣ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಮಿತಿ ಈ ವಯಸ್ಸಿನದ್ದೇ ಎಂಬುದು. ಹಾಗೆಂದು ಲಕ್ಷಣಗಳನ್ನು ಕಡೆಗಣಿಸುವಂತಿಲ್ಲ. ಬಿಡದ ವಾಂತಿ, ವಿಪರೀತ ಮಂಪರು, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಏಳುವುದು ಕಂಡರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಪರೀಕ್ಷೆಗೂ ಲ್ಯಾಬು ಬೇಡ. ನೆಫ್ರೋಟಿಕ್ ಸಿಂಡ್ರೋಮ್‌ನ ಮಗುವಿಗೆ ದಿನಾ ಬೆಳಗಿನ ಮೊದಲ ಮೂತ್ರವನ್ನು ಮನೆಯಲ್ಲೇ ಬಣ್ಣದ ಪಟ್ಟಿಯಿಂದಲೋ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಹನಿಯಿಂದಲೋ ನೋಡಿ ಪುಸ್ತಕದಲ್ಲಿ ಬರೆಯುವ ಕ್ರಮವಿದೆ. ಸತತ ಮೂರು ದಿನ ಪ್ರೋಟೀನ್ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ, ಮುಖ ಊದಿಕೊಳ್ಳುವವರೆಗೆ ಕಾಯಬೇಕಿಲ್ಲ. ಆ ಪಟ್ಟಿಯ ಡಬ್ಬಿಯನ್ನೂ ತಿಂಗಳ ಮದ್ದಿನ ಪಟ್ಟಿಗೆ ಸೇರಿಸಿಕೊಳ್ಳಿ, ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಮದ್ದು ಪ್ರೆಡ್ನಿಸೊಲೋನ್ ತೀರಿದ್ದು ಕಾಣುತ್ತದೆ, ಪಟ್ಟಿ ತೀರಿದ್ದು ಕಾಣುವುದಿಲ್ಲ. ವಾರಗಟ್ಟಲೆ ಕೊಟ್ಟ ಪ್ರೆಡ್ನಿಸೊಲೋನನ್ನು ಸ್ಟಾಕಿಲ್ಲವೆಂದು ಒಮ್ಮೆಲೇ ನಿಲ್ಲಿಸುವುದು ಅಪಾಯ. ದೇಹ ತಾನೇ ತಯಾರಿಸಬೇಕಾದ ಸ್ಟೀರಾಯ್ಡನ್ನು ಆ ಹೊತ್ತಿಗೆ ತಯಾರಿಸುವುದನ್ನು ಬಿಟ್ಟಿರುತ್ತದೆ.

ನಮ್ಮ ಜಿಲ್ಲೆಗೆ ಬಂದರೆ, ಇಲ್ಲಿನ ಕನ್ನಡ ಮನೆಗಳ ಪಾಡು ಸ್ವಲ್ಪ ಬೇರೆ. ವೈದ್ಯರು ಮಂಗಳೂರಿನವರು, ಅಂಗಡಿ ಬದಿಯಡ್ಕದ್ದೋ ಉಪ್ಪಳದ್ದೋ, ಉಚಿತ ಮದ್ದು ಸಿಗುವುದು ಕೇರಳ ಸರಕಾರದ ಆಸ್ಪತ್ರೆಯಲ್ಲಿ. ಕರ್ನಾಟಕದಲ್ಲಿ ನೋಂದಾಯಿತ ವೈದ್ಯರ ಚೀಟಿಗೆ ಕೇರಳದ ಅಂಗಡಿಯಲ್ಲಿ ಮದ್ದು ಕೊಡಲು ಅಡ್ಡಿಯಿಲ್ಲ. ನೋಂದಣಿ ಸಂಖ್ಯೆ ಮತ್ತು ಹೆಸರು ಓದುವಂತಿದ್ದರಾಯಿತು. ಆದರೆ ಗಡಿ ಯಾವತ್ತೂ ತೆರೆದೇ ಇರುತ್ತದೆಂಬ ಭರವಸೆಯನ್ನು ಕೋವಿಡ್ ಬಂದ 2020ರ ಮಾರ್ಚ್ ಕೊನೆಯಲ್ಲಿ ನಾವು ಕಳೆದುಕೊಂಡೆವು. ತಲಪಾಡಿಯಲ್ಲಿ ತಡೆ ಬಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಚಿಕಿತ್ಸೆಗೆ ಹೋಗಬೇಕಾದವರನ್ನು ಬಿಡಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಹೇಳಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವ ಮನೆಗಳೂ ಸೇರಿದಂತೆ, ದಿನವೂ ಫಿಟ್ಸ್ ಮದ್ದು ಬೇಕಾದ ಮಕ್ಕಳಿದ್ದ ಮನೆಗಳಿಗೆ ಆ ದಿನಗಳು ಹೇಗಿದ್ದವೆಂದು ಇಲ್ಲಿ ಕುಳಿತ ಕೆಲವರಿಗೆ ನಾನು ವಿವರಿಸಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆ ಎರಡು. ನಿಲ್ಲಿಸಬಾರದ ಮದ್ದು ಯಾವುದಿದ್ದರೂ ಕನಿಷ್ಠ ಎರಡು ವಾರದ್ದು ಹೆಚ್ಚುವರಿಯಾಗಿ ಮನೆಯಲ್ಲಿರಲಿ, ಹೊಸದು ತಂದಾಗ ಹಳೆಯದರ ಹಿಂದೆ ಇಟ್ಟು ಹಳೆಯದನ್ನು ಮೊದಲು ಬಳಸಿ. ಎರಡನೆಯದಾಗಿ, ಮಂಗಳೂರಿನ ತಜ್ಞರ ಜೊತೆಗೆ ಗಡಿಯ ಈಚೆಯ ಒಬ್ಬ ವೈದ್ಯರಿಗೂ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸರಿ, ಮಗುವಿನ ವಿಷಯ ಪೂರ್ತಿ ಗೊತ್ತಿರಲಿ. ಇದಕ್ಕಾಗಿ ಒಂದೇ ಹಾಳೆ ಸಾಕು. ಮಗುವಿನ ಹುಟ್ಟಿದ ದಿನಾಂಕ, ದಿನಾಂಕದೊಂದಿಗೆ ತೂಕ, ಮದ್ದಿನ ಮೂಲ ಹೆಸರು ಮತ್ತು ಈಗ ಬಳಸುತ್ತಿರುವ ಕಂಪನಿಯ ಹೆಸರು, ಹೊತ್ತಿಗೆ ಎಷ್ಟು ಮಿಲಿಗ್ರಾಂ ಮತ್ತು ಅದಕ್ಕೆ ಎಷ್ಟು ಮಿಲಿಲೀಟರ್, ಆಗದ ಮದ್ದುಗಳು, ಕಳೆದ ಪರೀಕ್ಷೆಯ ಅಂಕಿ, ಮುಂದಿನದರ ದಿನ. ಮದ್ದಿನ ಹೆಸರುಗಳನ್ನು ಚೀಟಿಯಲ್ಲಿರುವಂತೆಯೇ ಇಂಗ್ಲಿಷ್‌ನಲ್ಲಿ ಬರೆದು, ಕೊಡುವ ಕ್ರಮವನ್ನು ಮಾತ್ರ ಕನ್ನಡದಲ್ಲಿ ಬರೆಯಿರಿ. ಆಸ್ಪತ್ರೆಯ ಮದ್ದಿನ ಕವರಿನ ಮೇಲೆ ಮಲಯಾಳದಲ್ಲಿ ಬರೆದದ್ದನ್ನು ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿ ಓದಲಾರರು, ಮತ್ತು ತಂದೆ ತಾಯಿ ಕೆಲಸಕ್ಕೆ ಹೋದ ಮೇಲೆ ಹಗಲಿನ ಡೋಸು ಕೊಡುವವರು ಅವರೇ. 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂಬ ಅಂಕಿ ಬರೆಸಿಕೊಂಡರೆ ಎಲ್ಲರಿಗೂ ಅರ್ಥವಾಗುತ್ತದೆ.

ದೂರವಾಣಿ ಸಮಾಲೋಚನೆಗೂ ಈ ಹಾಳೆಯೇ ಆಧಾರ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಮೊದಲೇ ನೋಡಿರುವ ರೋಗಿಗೆ ನಡೆಯುತ್ತಿರುವ ಮದ್ದನ್ನು ಮುಂದುವರಿಸಿ ಬರೆದುಕೊಡಲು ವೈದ್ಯರಿಗೆ ಅವಕಾಶವಿದೆ. ರೋಗಿ ಅಪ್ರಾಪ್ತ ವಯಸ್ಕರಾದರೆ ಜೊತೆಯಲ್ಲಿ ಹಿರಿಯರೊಬ್ಬರು ಇರಲೇಬೇಕು. ಆದರೆ ತೂಕ ನೋಡಲು ಮೊಬೈಲಿನಿಂದಾಗದು. ನೀವು ಹೇಳುವ ತೂಕವೇ ಅವರಿಗೆ ಆಧಾರ, ಹಾಗಾಗಿ ಅಂದಾಜಿನಲ್ಲಿ ಹೇಳಬೇಡಿ.

ಮಳೆಗಾಲದ ಬಗ್ಗೆ: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು, ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ. ಸೋಡಿಯಂ ವಾಲ್ಪ್ರೋಯೇಟ್ ಗಾಳಿಯ ತೇವವನ್ನು ಬಲವಾಗಿ ಎಳೆದುಕೊಳ್ಳುವ ಪದಾರ್ಥ. ವಾರದ ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಗೆ ಅದರ ಮಾತ್ರೆಗಳನ್ನು ಬಿಡಿಸಿ ತುಂಬಿದರೆ ಮೂರನೆಯ ದಿನಕ್ಕೆ ಅಂಟಂಟಾಗಿರುತ್ತದೆ. ಅದನ್ನು ನುಂಗುವ ಹೊತ್ತಿಗೇ ಮಾತ್ರೆಯ ಸ್ಟ್ರಿಪ್‌ನಿಂದ ಬಿಡಿಸಬೇಕು. ಥೈರಾಯ್ಡ್ ಮಾತ್ರೆಯ ಬಾಟಲಿಯನ್ನು ಅಡುಗೆ ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ, ಮೂತ್ರ ಪರೀಕ್ಷೆಯ ಪಟ್ಟಿಯ ಡಬ್ಬಿಯ ಮುಚ್ಚಳವನ್ನು ತಕ್ಷಣ ಬಿಗಿ ಮಾಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನ ನಡುವಿನ ತಟ್ಟೆಯಲ್ಲಿರಬೇಕು, ಫ್ರೀಜರಿಗೆ ತಾಗಿ ಗಡ್ಡೆ ಕಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ.

ಮತ್ತೆ ತರಿಸುವ ಪಟ್ಟಿಯಿಂದ ತಪ್ಪಿಹೋಗುವುದು ಸಾಮಾನ್ಯವಾಗಿ ಬಳಸದೆ ಇಟ್ಟ ಮದ್ದು. ಫಿಟ್ಸ್ ಐದು ನಿಮಿಷ ಮೀರಿದರೆ ಮೂಗಿಗೆ ಸಿಂಪಡಿಸಲು ಕೊಡುವ ಮಿಡಜೋಲಂ ಸ್ಪ್ರೇ ಇಂಥದ್ದು. ಅದು ಖಾಲಿಯಾಗುವುದಿಲ್ಲವಾದ್ದರಿಂದ ಯಾರಿಗೂ ನೆನಪಾಗುವುದಿಲ್ಲ. ಬೇಕಾದ ರಾತ್ರಿ ತೆಗೆದು ನೋಡಿದರೆ ಅವಧಿ ಮುಗಿದಿರುತ್ತದೆ, ಇಲ್ಲವೇ ಎರಡು ವರ್ಷ ಹಿಂದಿನ ತೂಕಕ್ಕೆ ಬರೆದ ಸಿಂಪಡಣೆಯ ಎಣಿಕೆ ಅದರ ಮೇಲಿರುತ್ತದೆ. ಒಂದು ಸಿಂಪಡಣೆಯಲ್ಲಿ ಬರುವ ಮಿಲಿಗ್ರಾಂ ಎಲ್ಲ ಕಂಪನಿಯದ್ದರಲ್ಲೂ ಒಂದೇ ಇರುವುದಿಲ್ಲ. ಎಚ್1 ಪಟ್ಟಿಯ ಮದ್ದಾದ್ದರಿಂದ ಚೀಟಿಯಿಲ್ಲದೆ ನಡುರಾತ್ರಿ ಸಿಗುವ ವಸ್ತುವೂ ಅಲ್ಲ. ಪ್ರತಿ ಭೇಟಿಯಲ್ಲೂ ಅದನ್ನು ಚೀಲದಲ್ಲಿ ಒಯ್ದು ವೈದ್ಯರಿಗೆ ತೋರಿಸಿ. ಶಾಲೆಯಲ್ಲೊಂದು ಇಟ್ಟಿದ್ದರೆ ಅದರ ಅವಧಿಯನ್ನೂ ಬರೆದುಕೊಳ್ಳಿ.

ಮಾತಿನ ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಮಗುವಿಗೆ ಫಿಟ್ಸ್ ಬಾರದೆ ಎರಡು ವರ್ಷ ದಾಟಿತು, ಈ ಬಾಟಲಿ ಮುಗಿದ ಮೇಲೆ ಮತ್ತೆ ತರದೆ ಬಿಟ್ಟರಾಗದೇ ಎಂದು ತಂದೆಯೊಬ್ಬರು ಕೇಳಿದರು. ಎರಡು ವರ್ಷದ ಬಳಿಕ ಮದ್ದು ನಿಲ್ಲಿಸುವ ಯೋಚನೆಯನ್ನು ವೈದ್ಯರೂ ಮಾಡುತ್ತಾರೆ, ಆದರೆ ಕೆಲವು ಬಗೆಯ ಅಪಸ್ಮಾರದಲ್ಲಿ ಅದು ಸಾಧ್ಯವಿಲ್ಲ. ನಿಲ್ಲಿಸುವುದಾದರೂ ತಿಂಗಳುಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ನಿಲ್ಲದೆ ಬರುವ ಫಿಟ್ಸ್‌ನ ಅಪಾಯವಿದೆ. ಹೀಗೆ ಇಳಿಸುವಾಗ ಪ್ರತಿ ಮೆಟ್ಟಿಲಿಗೂ ಹೊಸ ಪ್ರಮಾಣ, ಕೆಲವೊಮ್ಮೆ ಕಡಿಮೆ ಶಕ್ತಿಯ ಬೇರೆ ಮಾತ್ರೆ, ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡುವಂತಿಲ್ಲವಾದ್ದರಿಂದ ಅದರ ಬದಲು ಸಿರಪ್, ಪ್ರತಿಯೊಂದಕ್ಕೂ ದಿನಾಂಕ ಹಾಕಿದ ಚೀಟಿ ಬೇಕಾಗುತ್ತವೆ. ಮದ್ದು ನಡೆಯುತ್ತಿದ್ದಾಗ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಿದ್ದವರು ಅದನ್ನು ನಿಲ್ಲಿಸುವ ಆ ತಿಂಗಳುಗಳಲ್ಲಿ ಹೆಚ್ಚು ಸಲ ಬರಬೇಕಾಗುತ್ತದೆ ಎಂದು ಅವರಿಗೆ ಹೇಳಿದೆ.